ಹತ್ತು ನಿಮಿಷ ಮುಚ್ಚಿಡಿ

ಬೈತಕೋಲ ಬಂದರಿಗೆ ಇಳಿಯುವ ತಿರುವಿನಲ್ಲಿ
ನನ್ನ ಔಷಧಿ ಅಂಗಡಿ.
ಹೊಟ್ಟೆಯುರಿಗೆ ಗುಲಾಬಿ ಬಣ್ಣದ ಬಾಟಲಿ,
ಬಲೆ ಕೊಯ್ದ ಬೆರಳಿಗೆ ಪಟ್ಟಿ,
ಇವೆರಡೇ ಮಾರಿ ಬಾಡಿಗೆ ಕಟ್ಟಬಹುದು ಇಲ್ಲಿ.
ಮೂರನೆಯದು, ದಿನಾ ಕೇಳಿ
ಚೀಟಿಯಿಲ್ಲದೆ ಬೈಸಿಕೊಂಡು ಹೋಗುವುದು,
ನಿದ್ದೆಗುಳಿಗೆ.

ಹುಬ್ಬಳ್ಳಿಯ ಏಜೆಂಟ್ ಹುಡುಗ ಬಿಟ್ಟುಹೋದ ಡಬ್ಬಿ
ಎರಡು ತಿಂಗಳು ತಕ್ಕಡಿಯ ಹಿಂದೆ ಕೂತಿತ್ತು.
ಕ್ಯಾಮೊಮೈಲ್ ಅಂತ ತಗಡಿನ ಮೇಲೆ.
ಗುನಗಿ ಮಾಸ್ತರು ಕನ್ನಡಕ ಏರಿಸಿ ಓದಿದರು:
ಕಾಮ... ಮೈಲು.
'ಎಷ್ಟು ಮೈಲಿನ ತನಕ ಮಾರಾಯ್ತಿ?'
ಶೀಮೆ ಸೇವಂತಿಗೆ ಮಾಸ್ತರೇ, ಒಣಗಿಸಿದ್ದು.
ಗಾಬರಿಗೆ, ನಿದ್ದೆಗೆ, ಹೊಟ್ಟೆಗೆ.
ನಿಮಗೆ ಮಾತ್ರ ಬೇಡ,
ನೀವು ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತೀರಿ.
'ಹಂಗಾದ್ರೆ ಹೂವಿಗೂ ನಂಗೂ ಆಗೂದಿಲ್ಲ ಅಂತಾಯ್ತು'
ಅಂದು ಕೊಡೆ ಮರೆತು ಹೋದರು.

ಕಾರ್ತಿಕದ ಆ ವಾರ
ಬಂದರಿನ ಕಂಬಕ್ಕೆ ಮೂರನೆಯ ನಂಬರಿನ ಬಾವುಟ.
ದೋಣಿಗಳೆಲ್ಲ ಕಾಳಿ ನದಿಯ ಒಳಗೆ ಬಂದು
ಒಂದರ ಪಕ್ಕೆಗೊಂದು ತಿಕ್ಕಿಕೊಂಡು ನಿಂತವು.
ಪುರುಸನದು ಇಲ್ಲ.

ಒಂಬತ್ತೂವರೆಗೆ ಶಟರ್ ಅರ್ಧ ಎಳೆದಾಗ
ಅದರ ಅಡಿಯಿಂದ ಬಾಗಿ ಒಳಬಂದಳು ಸೋಮಿ ಹರಿಕಂತ್ರ.
ತಲೆಯಲ್ಲಿ ಬೆಳಿಗ್ಗೆಯ ಅಬೋಲಿ, ಬಾಡಿ,
ಕೈಯಲ್ಲಿ ಮೀನಿನ ಖಾಲಿ ಬುಟ್ಟಿ,
ಅದನ್ನು ಯಾಕೆ ಹಿಡಿದು ಬಂದಳೋ ಅವಳಿಗೂ ಗೊತ್ತಿಲ್ಲ.
'ಹೊಟ್ಟೆಯೊಳಗೆ ಎಂಥದೋ ತಿರುವ್ತದೆ ಅಕ್ಕೋರೇ.
ಓಮ ಜಗಿದೆ, ಬಿರಿಂಡೆ ಕುಡಿದೆ.'
ನಾನು ಸ್ಟೌ ಹಚ್ಚಿದೆ.
ಹೂವೆಂದರೆ ಮುಡಿಯುವುದು, ದೇವರಿಗೆ ಹಾಕುವುದು,
ಬೇಯಿಸಿ ಕುಡಿಯುವುದು ಯಾವ ಊರ ಪದ್ಧತಿ
ಎಂದು ಕೇಳುವ ಹೆಂಗಸು,
ಅವತ್ತು ಕೇಳಲಿಲ್ಲ.

ಕುದಿದ ನೀರು, ಒಂದು ಚಮಚ ಹೂ,
ಮೇಲೊಂದು ತಟ್ಟೆ.
ಮುಚ್ಚಳ ತೆಗೆದರೆ ಹಬೆಯ ಜೊತೆ ಮದ್ದೂ ಹೋಗುತ್ತದೆ
ಎಂದೆ. ಸುಮ್ಮನಾದಳು.
ತಟ್ಟೆಯ ಅಂಚಿನಿಂದ ಹನಿ ಬೀಳುವುದನ್ನು
ಇಬ್ಬರೂ ನೋಡುತ್ತ ಕೂತೆವು.
ಹೊರಗೆ ಯಾರದೋ ಮನೆಯ ಶೀಟು ಹಾರಿ
ರಸ್ತೆಯಲ್ಲಿ ಉರುಳಿ, ನಿಂತು,
ಮತ್ತೆ ಉರುಳಿತು.

ಕುಡಿದಳು. ಮುಖ ಸಿಂಡರಿಸಿದಳು.
'ಹುಲ್ಲು ನೆನೆಸಿದ ನೀರು.'
ಆಮೇಲೆ ಒಂದು ತೇಗು,
ಆಮೇಲೆ ಮಾತು: ಪುರುಸ ಹೋಗುವ ಮುಂಚೆ
ಡೀಸೆಲ್ ಲೆಕ್ಕಕ್ಕೆ ಜಗಳವಾಗಿತ್ತಂತೆ,
ಅವನು ಊಟ ಅರ್ಧ ಬಿಟ್ಟೆದ್ದನಂತೆ,
ಆ ತಟ್ಟೆ ಇನ್ನೂ ತೊಳೆದಿಲ್ಲವಂತೆ.
ನಿದ್ದೆ ಬಂತು ಎಂದು ನಾನು ಹೇಳಿದರೆ ಸುಳ್ಳು.
ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ,
ಕಣ್ಣು ಮುಚ್ಚಿದ್ದಳು, ಅಷ್ಟೇ.
ಡಬ್ಬಿ ಅವಳ ಬುಟ್ಟಿಗೆ ಹಾಕಿ ಕಳಿಸಿದೆ.

ಮೂರನೆಯ ದಿನ ವಾಸ್ಕೋದಿಂದ ಫೋನ್ ಬಂತು.
ಐದನೆಯ ದಿನ ದೋಣಿ ಬಂತು, ಗಾಜು ಒಡೆದು,
ಬಲೆ ಇಲ್ಲದೆ, ಆರೂ ಜನ ಇದ್ದು.

ಡಬ್ಬಿಯೂ ಬಂತು.
ಕೊಟ್ಟ ಪಾತ್ರೆ ಖಾಲಿ ಮರಳಿಸಬಾರದಲ್ಲ,
ತುಂಬ ಒಣ ಸಿಗಡಿ.
ಈಗ ನಾನು ಅದರಲ್ಲೇ ಹೊಸ ಹೂ ತುಂಬಿಡುತ್ತೇನೆ;
ಎಷ್ಟು ಬಿಸಿಲಿಗಿಟ್ಟರೂ ನನ್ನ ಕಷಾಯಕ್ಕೆ
ಬಂದರಿನ ವಾಸನೆ.

ನಿನ್ನೆ ಅಂಗಡಿಗೆ ಪುರುಸನೇ ಬಂದಿದ್ದ.
ಬೇರೆ ಗಿರಾಕಿ ಹೋಗುವವರೆಗೆ
ಕೆಮ್ಮಿನ ಔಷಧಿಗಳನ್ನು ಓದುತ್ತ ನಿಂತ,
ಆಮೇಲೆ ಸಾರಾಯಿ ಕೇಳುವ ದನಿಯಲ್ಲಿ:
'ಅವಳಿಗೆ ಕೊಟ್ಟಿದ್ದು, ಅದು ಅದ್ಯಾ?'
ಕಣ್ಣು ಮುಚ್ಚಿದರೆ ಮಂಚ ಏರಿಳಿಯುತ್ತದಂತೆ.
ಒಂದು ವಾರ ನೋಡು, ಇಲ್ಲವೆಂದರೆ
ಡಾಕ್ಟರ್ ನಾಡಕರ್ಣಿಯವರಿಗೆ ತೋರಿಸು ಎಂದೆ,
ಪೊಟ್ಟಣ ಕಟ್ಟಿದೆ, ಕ್ರಮ ಹೇಳಿದೆ.
ಹತ್ತು ನಿಮಿಷ ಮುಚ್ಚಿಡಬೇಕು.

ಪೊಟ್ಟಣವನ್ನು ಅಂಗೈಯಲ್ಲಿ ತೂಗಿದ,
ಇಷ್ಟು ಹಗುರವಾ ಎಂಬಂತೆ.
'ಆ ಹತ್ತು ನಿಮಿಷ
ನಾನು ಎಂತ ಮಾಡೂದು ಅಕ್ಕೋರೇ?'